ಹಾಲಿನ ಬಟವಾಡೆ ಲೆಕ್ಕದಲ್ಲಿ ತಾತ್ಕಾಲಿಕ ಟೇಬಲ್

ಪ್ರಶ್ನೆ: ಹಾಲು ಉತ್ಪಾದಕರ ಸಹಕಾರ ಸಂಘಗಳ ಲೆಕ್ಕಪತ್ರದ ತಂತ್ರಾಂಶವನ್ನು ನೋಡಿಕೊಳ್ಳುವ ತಂಡದಲ್ಲಿ ನಾನಿದ್ದೇನೆ. ದತ್ತಾಂಶವೆಲ್ಲ ಪೋಸ್ಟ್‌ಗ್ರೆಸ್‌ಕ್ಯೂಎಲ್ (ಪೋಸ್ಟ್‌ಗ್ರೆಸ್) ಎಂಬ ಡೇಟಾಬೇಸಿನಲ್ಲಿದೆ. ಸುಮಾರು 400 ಸಂಘಗಳು, ಒಟ್ಟು 48,000 ಉತ್ಪಾದಕರು. ಹದಿನೈದು ದಿನಕ್ಕೊಮ್ಮೆ ಬಟವಾಡೆ ಪಟ್ಟಿ, ಬ್ಯಾಂಕಿಗೆ ಕಳುಹಿಸುವ ಕಡತ, ಕಡಿತಗಳ ವಿವರ ಎಲ್ಲವೂ ತಯಾರಾಗಬೇಕು. ಮೊದಲು ಒಂದೇ ಉದ್ದನೆಯ ಕ್ವೆರಿ (ಡೇಟಾಬೇಸಿಗೆ ಕೊಡುವ ಪ್ರಶ್ನೆ) ಇತ್ತು. ಅದನ್ನು ಒಡೆದು, ಸಂಘಕ್ಕೊಂದರಂತೆ ತಾತ್ಕಾಲಿಕ ಟೇಬಲ್ (ನಡುವಿನ ಫಲಿತಾಂಶವನ್ನು ಸ್ವಲ್ಪ ಹೊತ್ತು ಇಟ್ಟುಕೊಳ್ಳುವ ಟೇಬಲ್) ಸೃಷ್ಟಿಸಿ ಲೆಕ್ಕ ಹಾಕುವಂತೆ ಬದಲಿಸಿದೆವು. ಪರೀಕ್ಷೆಯಲ್ಲಿ ವೇಗವಾಗಿಯೇ ಇತ್ತು. ಬಳಕೆಗೆ ಬಂದ ಮೇಲೆ ಕೆಲವೊಮ್ಮೆ ಟೇಬಲ್ ಇಲ್ಲವೆಂಬ ದೋಷ ಬರುತ್ತದೆ, ಕೆಲವೊಮ್ಮೆ ಅದೇ ಟೇಬಲ್ ಈಗಾಗಲೇ ಇದೆಯೆಂಬ ದೋಷ ಬರುತ್ತದೆ. ಎರಡನೆಯದನ್ನು ತಪ್ಪಿಸಲು, ಟೇಬಲ್ ಇಲ್ಲದಿದ್ದರೆ ಮಾತ್ರ ಸೃಷ್ಟಿಸು ಎನ್ನುವ ‘ಇಫ್ ನಾಟ್ ಎಕ್ಸಿಸ್ಟ್ಸ್’ ಸೇರಿಸಿದೆವು. ಕಳೆದ ಬಾರಿ ಒಂದು ಸಂಘದ ಪಟ್ಟಿಯಲ್ಲಿ ಇನ್ನೊಂದು ಸಂಘದ ಉತ್ಪಾದಕರ ಹೆಸರುಗಳು ಕಾಣಿಸಿಕೊಂಡವು. ಜೊತೆಗೆ ಬಟವಾಡೆಯ ದಿನ ಮಧ್ಯಾಹ್ನದ ಹೊತ್ತಿಗೆ ಇಡೀ ವ್ಯವಸ್ಥೆ ನಿಧಾನವಾಗುತ್ತದೆ. ತಾತ್ಕಾಲಿಕ ಟೇಬಲ್ ಬಳಸಿದ್ದೇ ತಪ್ಪಾಯಿತೇ? ಈ ಕೆಲಸವನ್ನು ಮುಖ್ಯ ಸರ್ವರ್ ಬಿಟ್ಟು ಓದಲು ಮಾತ್ರ ಇರುವ ಪ್ರತಿಗೆ ವರ್ಗಾಯಿಸಿದರೆ ಸರಿಹೋಗುವುದೇ?

ಉತ್ತರ: ತಾತ್ಕಾಲಿಕ ಟೇಬಲ್ ಬಳಸಿದ್ದು ತಪ್ಪಲ್ಲ. ನಿಮ್ಮಂತಹ ಲೆಕ್ಕಕ್ಕೆ ಅದು ಸರಿಯಾದ ಸಾಧನವೇ. ಆದರೆ ಅದು ಯಾರ ಸ್ವತ್ತು, ಎಷ್ಟು ಹೊತ್ತು ಇರುತ್ತದೆ ಎಂಬುದನ್ನು ಗೊತ್ತುಮಾಡಿಕೊಳ್ಳದೆ ಬಳಸಿರುವುದರಿಂದ ಈ ನಾಲ್ಕೂ ತೊಂದರೆಗಳು ಹುಟ್ಟಿವೆ. ಅವುಗಳಲ್ಲಿ ಒಂದನ್ನು ಮಾತ್ರ ನಾಳೆಗೆ ಬಿಡುವಂತಿಲ್ಲವಾದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ‘ಇಫ್ ನಾಟ್ ಎಕ್ಸಿಸ್ಟ್ಸ್’ ಎಂಬ ಮೂರು ಪದಗಳನ್ನು ದಯವಿಟ್ಟು ಇಂದೇ ತೆಗೆದುಹಾಕಿ. ಅವುಗಳನ್ನು ತೆಗೆದರೆ ದೋಷ ಮತ್ತೆ ಕಾಣಿಸಿಕೊಳ್ಳುತ್ತದೆ, ಕೆಲಸ ನಡುವೆ ನಿಲ್ಲುತ್ತದೆ, ನಿಲ್ಲಲಿ. ನಿಂತ ಲೆಕ್ಕವನ್ನು ಮತ್ತೆ ನಡೆಸಬಹುದು, ಆದರೆ ತಪ್ಪು ಖಾತೆಗೆ ಹೋದ ಹಾಲಿನ ಹಣವನ್ನು ಹಿಂದಕ್ಕೆ ಪಡೆಯುವುದು ಸಂಘದ ಕಾರ್ಯದರ್ಶಿಗೂ ಉತ್ಪಾದಕರಿಗೂ ಎಷ್ಟು ಕಷ್ಟವೆಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಒಂದು ಸಂಘದ ಹೆಸರುಗಳು ಇನ್ನೊಂದರ ಪಟ್ಟಿಗೆ ಬಂದ ಬಗೆಯನ್ನು ವಿವರಿಸುತ್ತೇನೆ. ‘ಕ್ರಿಯೇಟ್ ಟೆಂಪ್ ಟೇಬಲ್ ಇಫ್ ನಾಟ್ ಎಕ್ಸಿಸ್ಟ್ಸ್’ ಎಂದು ಬರೆದು, ‘ಆ್ಯಸ್’ ಎಂಬುದರ ಮುಂದೆ, ಸಾಲುಗಳನ್ನು ಆರಿಸಿ ತರುವ ಸೆಲೆಕ್ಟ್ ವಾಕ್ಯವನ್ನು ಕೊಟ್ಟಿದ್ದೀರಿ ಎಂದುಕೊಳ್ಳೋಣ. ಆ ಹೆಸರಿನ ಟೇಬಲ್ ಆ ಸೆಷನ್‌ನಲ್ಲಿ (ಡೇಟಾಬೇಸಿನೊಡನೆ ಇರುವ ಆ ಸಂಪರ್ಕದಲ್ಲಿ) ಮೊದಲೇ ಇದ್ದರೆ ಪೋಸ್ಟ್‌ಗ್ರೆಸ್ ಒಂದು ಸಣ್ಣ ಸೂಚನೆಯನ್ನು ಕೊಟ್ಟು ಮುಂದಕ್ಕೆ ಹೋಗುತ್ತದೆ. ಸೆಲೆಕ್ಟ್ ನಡೆಯುವುದೇ ಇಲ್ಲ. ಟೇಬಲ್ಲಿನಲ್ಲಿ ಹಿಂದಿನ ಬಾರಿ ಯಾರೋ ತುಂಬಿದ ಸಾಲುಗಳೇ ಉಳಿದಿರುತ್ತವೆ, ನಿಮ್ಮ ಮುಂದಿನ ಕ್ವೆರಿಗಳು ಅವುಗಳನ್ನೇ ಓದುತ್ತವೆ, ಯಾವ ದೋಷವೂ ದಾಖಲಾಗುವುದಿಲ್ಲ. ಇನ್ನು ಕೆಲವರು ಬರೆಯುವಂತೆ ಮೊದಲು ಖಾಲಿ ಟೇಬಲ್ ಸೃಷ್ಟಿಸಿ ಆಮೇಲೆ ಇನ್ಸರ್ಟ್ ಆಜ್ಞೆಯಿಂದ ಸಾಲುಗಳನ್ನು ತುಂಬಿದ್ದರೆ, ಹಳೆಯ ಸಾಲುಗಳ ಜೊತೆಗೆ ಹೊಸವೂ ಸೇರಿಕೊಳ್ಳುತ್ತವೆ. ನಿಮ್ಮ ಪಟ್ಟಿಯಲ್ಲಿ ಆದದ್ದು ಇವೆರಡರಲ್ಲಿ ಯಾವುದು ಎಂಬುದನ್ನು ಸುಲಭವಾಗಿ ಗುರುತಿಸಬಹುದು: ಪಟ್ಟಿ ಪೂರ್ತಿಯಾಗಿ ಇನ್ನೊಂದು ಸಂಘದ್ದಾಗಿದ್ದರೆ ಮೊದಲನೆಯದು, ಎರಡೂ ಸಂಘಗಳ ಹೆಸರು ಬೆರೆತಿದ್ದರೆ ಎರಡನೆಯದು. ಕಳೆದ ಕೆಲವು ಬಟವಾಡೆಗಳ ಪಟ್ಟಿಗಳನ್ನೂ ಈ ದೃಷ್ಟಿಯಿಂದ ಒಮ್ಮೆ ಪರಿಶೀಲಿಸಬೇಕೆಂದು ಒತ್ತಿ ಹೇಳುತ್ತೇನೆ, ಏಕೆಂದರೆ ಹೆಸರು ನೋಡಿ ಯಾರೋ ಗುರುತಿಸಿದ್ದರಿಂದ ಈ ಬಾರಿಯದು ಬೆಳಕಿಗೆ ಬಂದಿದೆ, ಅಷ್ಟೆ. ಅದೇ ಸಂಘದ ಹಿಂದಿನ ಹದಿನೈದು ದಿನದ ಅಂಕಿಗಳು ಉಳಿದುಕೊಂಡಿದ್ದರೆ ಹೆಸರುಗಳೆಲ್ಲ ಸರಿಯಾಗಿಯೇ ಇರುತ್ತಿದ್ದವು, ಮೊತ್ತ ಮಾತ್ರ ತಪ್ಪಿರುತ್ತಿತ್ತು.

ಹಾಗಾದರೆ ಹಳೆಯ ಟೇಬಲ್ ಉಳಿದದ್ದಾದರೂ ಏಕೆ? ಪೋಸ್ಟ್‌ಗ್ರೆಸ್‌ನಲ್ಲಿ ತಾತ್ಕಾಲಿಕ ಟೇಬಲ್ ಸೇರಿರುವುದು ಸೆಷನ್‌ಗೆ, ಎಂದರೆ ಡೇಟಾಬೇಸಿನೊಡನೆ ಇರುವ ಒಂದು ಸಂಪರ್ಕಕ್ಕೆ. ಅದನ್ನು ಬಳಸುವ ಮನುಷ್ಯನಿಗಾಗಲೀ, ನಿಮ್ಮ ಪ್ರೋಗ್ರಾಮಿನ ಒಂದು ಕೋರಿಕೆಗಾಗಲೀ ಅದು ಸೇರಿಲ್ಲ. ಸಂಪರ್ಕ ಕಡಿದಾಗ ಟೇಬಲ್ ತಾನಾಗಿ ಅಳಿಯುತ್ತದೆ. ಕಡಿಯುವವರೆಗೆ ಇದ್ದೇ ಇರುತ್ತದೆ. ನಿಮ್ಮ ಪರೀಕ್ಷೆಯಲ್ಲಿ ಪ್ರತಿ ಬಾರಿಯೂ ಹೊಸ ಸಂಪರ್ಕ ತೆರೆದು ಮುಚ್ಚಿರುತ್ತೀರಿ, ಹಾಗಾಗಿ ಏನೂ ಉಳಿದಿರಲಿಲ್ಲ. ನಿಜವಾದ ಬಳಕೆಯಲ್ಲಿ ನಡುವೆ ಸಂಪರ್ಕಗಳನ್ನು ಹಂಚುವ ಪೂಲ್ ಇರುತ್ತದೆ. ನೀವು ಬರೆದ ಎರಡು ದೋಷಗಳು ಒಟ್ಟಿಗೆ ಬರುತ್ತಿರುವುದನ್ನು ನೋಡಿದರೆ ಅದು ಪಿಜಿಬೌನ್ಸರ್‌ನಂತಹ ಪೂಲ್ ಆಗಿದ್ದು, ಟ್ರಾನ್ಸಾಕ್ಷನ್ ಮಟ್ಟದ ಹಂಚಿಕೆಯಲ್ಲಿ ನಡೆಯುತ್ತಿದೆ ಎಂದು ಹೇಳಬಲ್ಲೆ. ಈ ಹಂಚಿಕೆಯಲ್ಲಿ ಒಂದು ಟ್ರಾನ್ಸಾಕ್ಷನ್ (ಪೂರ್ತಿಯಾಗಿ ಆಗಬೇಕಾದ, ಇಲ್ಲವೇ ಪೂರ್ತಿ ರದ್ದಾಗಬೇಕಾದ ಆಜ್ಞೆಗಳ ಗುಂಪು) ಮುಗಿದ ಕ್ಷಣವೇ ಆ ಸಂಪರ್ಕ ಇನ್ನೊಬ್ಬರ ಪಾಲಾಗುತ್ತದೆ. ನೀವು ಟ್ರಾನ್ಸಾಕ್ಷನ್ ತೆರೆಯದೆ ಒಂದೊಂದೇ ಆಜ್ಞೆ ಕಳುಹಿಸಿದರೆ ಪ್ರತಿಯೊಂದು ಆಜ್ಞೆಯೂ ತಾನೇ ಒಂದು ಟ್ರಾನ್ಸಾಕ್ಷನ್. ಟೇಬಲ್ ಸೃಷ್ಟಿಯಾದದ್ದು ಮೂರನೆಯ ಸಂಪರ್ಕದಲ್ಲಿ, ಅದನ್ನು ಓದುವ ಆಜ್ಞೆ ಹೋದದ್ದು ಏಳನೆಯದಕ್ಕೆ. ಅಲ್ಲಿ ಅಂತಹ ಟೇಬಲ್ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ಬೇರೆ ಸಂಘದ ಕೋರಿಕೆ ಮೂರನೆಯ ಸಂಪರ್ಕಕ್ಕೆ ಬಂದಾಗ ಅಲ್ಲಿ ಟೇಬಲ್ ಮೊದಲೇ ಇದೆ. ಎರಡು ದೋಷಗಳೂ ಒಂದೇ ಕಾರಣದ ಎರಡು ಮುಖಗಳು.

ಸೆಷನ್ ಮಟ್ಟದ ಹಂಚಿಕೆಯಲ್ಲಿ ಪಿಜಿಬೌನ್ಸರ್ ಒಂದು ಸಂಪರ್ಕವನ್ನು ಹಿಂದಕ್ಕೆ ಪಡೆದಾಗ ‘ಡಿಸ್ಕಾರ್ಡ್ ಆಲ್’ ಎಂಬ ಆಜ್ಞೆಯನ್ನು ತಾನೇ ನಡೆಸಿ ಸ್ವಚ್ಛಗೊಳಿಸುತ್ತದೆ. ತಾತ್ಕಾಲಿಕ ಟೇಬಲ್‌ಗಳೂ ಆಗ ಹೋಗುತ್ತವೆ. ಟ್ರಾನ್ಸಾಕ್ಷನ್ ಮಟ್ಟದಲ್ಲಿ, ನೀವು ಬೇರೆಯಾಗಿ ಹೇಳದ ಹೊರತು, ಅದು ಹಾಗೆ ಮಾಡುವುದಿಲ್ಲ. ಹಾಗೆಂದು ಇಡೀ ವ್ಯವಸ್ಥೆಯನ್ನು ಸೆಷನ್ ಮಟ್ಟಕ್ಕೆ ಬದಲಿಸುವುದು ನನಗೆ ಸರಿಕಾಣುವುದಿಲ್ಲ, ಅದರಿಂದ ಸಂಪರ್ಕಗಳ ಸಂಖ್ಯೆ ಏರುತ್ತದೆ. ಬೇಕಾದದ್ದು ಇಷ್ಟೇ: ಟೇಬಲ್ ಸೃಷ್ಟಿಸುವುದರಿಂದ ಹಿಡಿದು ಕೊನೆಯ ಪಟ್ಟಿ ಬರೆಯುವವರೆಗಿನ ಎಲ್ಲ ಕೆಲಸವೂ ಒಂದೇ ಟ್ರಾನ್ಸಾಕ್ಷನ್ನಿನ ಒಳಗೆ ನಡೆಯಬೇಕು, ಮತ್ತು ಟೇಬಲ್ ಸೃಷ್ಟಿಸುವಾಗಲೇ ‘ಆನ್ ಕಮಿಟ್ ಡ್ರಾಪ್’ ಎಂದು ಬರೆದಿರಬೇಕು. ಟ್ರಾನ್ಸಾಕ್ಷನ್ ತೆರೆದಿರುವಷ್ಟು ಹೊತ್ತು ಪೂಲ್ ಆ ಸಂಪರ್ಕವನ್ನು ಬೇರೆಯವರಿಗೆ ಕೊಡುವುದಿಲ್ಲ. ಕಮಿಟ್ ಆದೊಡನೆ, ಎಂದರೆ ಟ್ರಾನ್ಸಾಕ್ಷನ್ ಖಾಯಂ ಆಗಿ ಮುಗಿದೊಡನೆ, ಟೇಬಲ್ ಅಳಿಯುತ್ತದೆ. ನಡುವೆ ದೋಷ ಬಂದು ರೋಲ್‌ಬ್ಯಾಕ್ ಆದರೆ (ಮಾಡಿದ್ದೆಲ್ಲ ರದ್ದಾದರೆ) ಅದು ಸೃಷ್ಟಿಯಾಗಿಯೇ ಇರಲಿಲ್ಲವೆಂಬಂತೆ ಆಗುತ್ತದೆ. ನೀವು ಏನನ್ನೂ ಹೇಳದಿದ್ದರೆ ಪೋಸ್ಟ್‌ಗ್ರೆಸ್ ‘ಪ್ರಿಸರ್ವ್ ರೋಸ್’ ಎಂದು ತಿಳಿಯುತ್ತದೆ, ಎಂದರೆ ಕಮಿಟ್ ಆದ ಮೇಲೂ ಸಾಲುಗಳನ್ನು ಉಳಿಸುತ್ತದೆ. ಈಗ ನಿಮ್ಮಲ್ಲಿ ನಡೆಯುತ್ತಿರುವುದು ಇದೇ.

ಹೆಸರಿನ ವಿಷಯದಲ್ಲಿಯೂ ಒಂದು ಎಚ್ಚರಿಕೆ ಬೇಕು. ತಾತ್ಕಾಲಿಕ ಟೇಬಲ್‌ಗಳು ಪ್ರತ್ಯೇಕವಾದ ಒಂದು ಸ್ಕೀಮಾದಲ್ಲಿ (ಟೇಬಲ್‌ಗಳ ಹೆಸರುಗಳನ್ನು ಗುಂಪಾಗಿಡುವ ವಿಭಾಗದಲ್ಲಿ) ಇರುತ್ತವೆ, ಮತ್ತು ಹೆಸರನ್ನು ಹುಡುಕುವಾಗ ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ಮೊದಲು ಅಲ್ಲಿಯೇ ನೋಡುತ್ತದೆ. ಆದ್ದರಿಂದ ‘ಬಟವಾಡೆ’ ಎಂಬ ಶಾಶ್ವತ ಟೇಬಲ್ ಇದ್ದು, ಅದೇ ಹೆಸರಿನ ತಾತ್ಕಾಲಿಕ ಟೇಬಲ್ ಅನ್ನು ಯಾರಾದರೂ ಸೃಷ್ಟಿಸಿದರೆ, ಆ ಸೆಷನ್ನಿನ ಮಟ್ಟಿಗೆ ಶಾಶ್ವತವಾದದ್ದು ಮರೆಯಾಗುತ್ತದೆ. ಹಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಕಡೆ ಹೀಗೆ ಒಂದು ಇಡೀ ದಿನದ ರಸೀದಿಗಳನ್ನು ತಾತ್ಕಾಲಿಕ ಟೇಬಲ್ಲಿಗೆ ಬರೆದೆವು. ಬರೆದದ್ದೂ ಕಾಣಿಸಿತು, ಮೊತ್ತವೂ ತಾಳೆಯಾಯಿತು. ಸಂಜೆ ಸಂಪರ್ಕ ಮುಚ್ಚಿದಾಗ ಎಲ್ಲವೂ ಹೋಯಿತು. ಕಾಗದದ ಪ್ರತಿಗಳನ್ನು ನೋಡಿ ರಾತ್ರಿಯೆಲ್ಲ ಮತ್ತೆ ದಾಖಲಿಸಬೇಕಾಯಿತು. ಅಂದಿನಿಂದ ನಾನು ತಾತ್ಕಾಲಿಕ ಟೇಬಲ್‌ಗಳ ಹೆಸರಿಗೆಲ್ಲ ‘ತಾತ್’ ಎಂಬ ಒಂದೇ ಮುನ್ನೊಟ್ಟನ್ನು ಕೊಡುತ್ತೇನೆ, ಶಾಶ್ವತ ಟೇಬಲ್‌ಗಳಿಗೆ ಬರೆಯುವಾಗ ಸ್ಕೀಮಾದ ಹೆಸರನ್ನೂ ಸೇರಿಸಿ ಬರೆಯುತ್ತೇನೆ. ನೀವೂ ಹಾಗೆ ಮಾಡಿದರೆ ಒಳ್ಳೆಯದು.

ಈಗ ವೇಗದ ಮಾತಿಗೆ ಬರೋಣ. ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಕಡೆ ಇದೆ: ತಾತ್ಕಾಲಿಕ ಟೇಬಲ್ ಎಂದರೆ ಮೆಮೊರಿಯಲ್ಲಿಯೇ ಇರುವ ಟೇಬಲ್, ಆದ್ದರಿಂದ ವೇಗ ಎಂಬುದು. ಅದು ಹಾಗಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಅದು ಉಳಿದ ಟೇಬಲ್‌ಗಳಂತೆಯೇ ಡಿಸ್ಕ್‌ನಲ್ಲಿ ಕಡತವುಳ್ಳ ಟೇಬಲ್. ಎರಡು ವ್ಯತ್ಯಾಸಗಳಿವೆ. ಅದರ ಸಾಲುಗಳಿಗೆ ಡಬ್ಲ್ಯೂಎಎಲ್ (ಸರ್ವರ್ ಬಿದ್ದರೆ ಚೇತರಿಸಿಕೊಳ್ಳಲೆಂದು ಬದಲಾವಣೆಗಳನ್ನು ಮೊದಲೇ ಬರೆದಿಡುವ) ದಾಖಲೆ ಬರೆಯುವುದಿಲ್ಲ, ಆದ್ದರಿಂದ ತುಂಬುವ ಕೆಲಸ ಹಗುರ. ಮತ್ತು ಅದು ಎಲ್ಲರೂ ಹಂಚಿಕೊಳ್ಳುವ ಬಫರ್‌ಗಳನ್ನು (ಮೆಮೊರಿಯ ಜಾಗವನ್ನು) ಬಳಸದೆ, ಆ ಸೆಷನ್ನಿಗೇ ಮೀಸಲಾದ ‘ಟೆಂಪ್ ಬಫರ್ಸ್’ ಎಂಬ ಜಾಗವನ್ನು ಬಳಸುತ್ತದೆ. ಅದರ ಮೂಲ ಅಳತೆ 8 ಎಂಬಿ. ಟೇಬಲ್ ಅದರೊಳಗೆ ಹಿಡಿದರೆ ಡಿಸ್ಕ್ ಮುಟ್ಟುವ ಪ್ರಸಂಗ ಬಹುಮಟ್ಟಿಗೆ ಬರುವುದಿಲ್ಲ. ಮೀರಿದರೆ ಪುಟಗಳು ಹೊರಕ್ಕೂ ಒಳಕ್ಕೂ ಓಡಾಡತೊಡಗುತ್ತವೆ. ಈ ಅಳತೆಯನ್ನು ಸೆಷನ್ನಿನ ಒಳಗೆ ಹೆಚ್ಚಿಸಬಹುದು, ಆದರೆ ಆ ಸೆಷನ್ ಮೊದಲ ತಾತ್ಕಾಲಿಕ ಟೇಬಲ್ ಅನ್ನು ಮುಟ್ಟುವ ಮೊದಲೇ ಹೆಚ್ಚಿಸಬೇಕು, ಆಮೇಲೆ ಬದಲಿಸಲು ಬರುವುದಿಲ್ಲ. ಪೂಲ್‌ನಿಂದ ಬಂದ ಸಂಪರ್ಕ ಹಿಂದೆ ಏನನ್ನು ಮುಟ್ಟಿದೆಯೆಂದು ನಿಮಗೆ ಗೊತ್ತಿರುವುದಿಲ್ಲವಾದ್ದರಿಂದ, ನಿಮ್ಮ ಸಂದರ್ಭದಲ್ಲಿ ಈ ಹೆಚ್ಚಳವನ್ನು ನಂಬಿ ಕೂರುವಂತಿಲ್ಲ.

ಇದರಿಂದ ಹೊರಡುವ ಒಂದು ನಿರ್ಣಯ ನಿಮ್ಮ ಲೆಕ್ಕದ ರೂಪವನ್ನೇ ಬದಲಿಸುತ್ತದೆ. 48,000 ಉತ್ಪಾದಕರು ದಿನಕ್ಕೆ ಎರಡು ಹೊತ್ತು ಹಾಲು ಹಾಕಿದರೆ ಹದಿನೈದು ದಿನಕ್ಕೆ 14,40,000 ಸಾಲುಗಳವರೆಗೆ ಆಗುತ್ತವೆ. ಇವನ್ನು ಹಾಗೆಯೇ ತಾತ್ಕಾಲಿಕ ಟೇಬಲ್ಲಿಗೆ ನಕಲು ಮಾಡಿಕೊಳ್ಳುವುದು ವ್ಯರ್ಥ. ಸಾಲಿಗೆ ನೂರು ಬೈಟ್ ಎಂದರೂ 140 ಎಂಬಿ ದಾಟುತ್ತದೆ, ಸಾಲುಗಳನ್ನು ಬೇಗ ಹುಡುಕಲೆಂದು ಮೂಲ ಟೇಬಲ್ಲಿನಲ್ಲಿ ಇದ್ದ ಇಂಡೆಕ್ಸ್‌ಗಳೂ ನಕಲಿನಲ್ಲಿ ಇರುವುದಿಲ್ಲ. ಅದರ ಬದಲು ಫ್ಯಾಟ್ ಮತ್ತು ಎಸ್‌ಎನ್‌ಎಫ್‌ಗೆ (ಹಾಲಿನ ಕೊಬ್ಬು ಮತ್ತು ಕೊಬ್ಬೇತರ ಘನಾಂಶಕ್ಕೆ) ತಕ್ಕ ದರವನ್ನು ಅನ್ವಯಿಸಿ, ಉತ್ಪಾದಕರೊಬ್ಬರಿಗೆ ಒಂದು ಸಾಲಿನಂತೆ ಲೀಟರ್ ಮತ್ತು ಮೊತ್ತವನ್ನು ಒಟ್ಟುಗೂಡಿಸಿದ ಫಲಿತಾಂಶವನ್ನು ಮಾತ್ರ ಇಟ್ಟುಕೊಂಡರೆ 48,000 ಸಾಲು, ಸುಮಾರು 5 ಎಂಬಿ. ಅದು 8 ಎಂಬಿಯೊಳಗೆ ಆರಾಮವಾಗಿ ಕೂರುತ್ತದೆ. ಬಟವಾಡೆ ಪಟ್ಟಿ, ಬ್ಯಾಂಕಿನ ಕಡತ, ಪಶು ಆಹಾರದ ಬಾಕಿ ಮತ್ತು ಸಾಲದ ಕಂತಿನ ಕಡಿತ, ಸಂಘದ ಒಟ್ಟು ಲೆಕ್ಕ ಎಲ್ಲವೂ ಈ ಒಂದೇ ಮಧ್ಯದ ಫಲಿತಾಂಶದಿಂದ ಹೊರಡುತ್ತವೆ. ಹದಿನಾಲ್ಕು ಲಕ್ಷ ಸಾಲುಗಳನ್ನು ಒಮ್ಮೆ ಓದಿ ನಾಲ್ಕೈದು ಬಾರಿ ಬಳಸುವುದು, ಪ್ರತಿ ವರದಿಗೂ ಮತ್ತೆ ಮತ್ತೆ ಓದುವುದು, ಇವೆರಡರ ನಡುವಿನ ಅಂತರವೇ ತಾತ್ಕಾಲಿಕ ಟೇಬಲ್ಲಿನ ನಿಜವಾದ ಲಾಭ. ಒಂದೇ ಬಾರಿ ಬಳಸುವ ಫಲಿತಾಂಶಕ್ಕೆ ತಾತ್ಕಾಲಿಕ ಟೇಬಲ್ ಮಾಡಿದರೆ ಈ ಲಾಭ ಇರುವುದಿಲ್ಲ.

ಈ ಟೇಬಲ್ ಅನ್ನು ತುಂಬಲು ಖಾಲಿ ಟೇಬಲ್ ಸೃಷ್ಟಿಸಿ ಇನ್ಸರ್ಟ್ ಮಾಡುವುದಕ್ಕಿಂತ, ‘ಕ್ರಿಯೇಟ್ ಟೆಂಪ್ ಟೇಬಲ್’ ಎಂಬುದಕ್ಕೆ ‘ಆ್ಯಸ್ ಸೆಲೆಕ್ಟ್’ ಸೇರಿಸಿ ಒಂದೇ ಆಜ್ಞೆಯಲ್ಲಿ ಮುಗಿಸುವುದು ಮೇಲು. ಆ ರೂಪದಲ್ಲಿ ಒಳಗಿನ ಸೆಲೆಕ್ಟ್ ಭಾಗವನ್ನು ಪೋಸ್ಟ್‌ಗ್ರೆಸ್ ಹಲವು ಕೆಲಸಗಾರ ಪ್ರಕ್ರಿಯೆಗಳ ನಡುವೆ ಹಂಚಿ ಸಮಾನಾಂತರವಾಗಿ ನಡೆಸಬಲ್ಲದು. ಇನ್ಸರ್ಟ್ ರೂಪದಲ್ಲಿ ಆ ಸೌಲಭ್ಯವಿಲ್ಲ. ಹದಿನಾಲ್ಕು ಲಕ್ಷ ಸಾಲು ಓದುವ ಭಾರವಾದ ಕೆಲಸ ಈ ಹಂತದಲ್ಲಿಯೇ ಇದೆಯಾದ್ದರಿಂದ ಇದು ಗಣನೀಯ. ಒಮ್ಮೆ ತುಂಬಿದ ತಾತ್ಕಾಲಿಕ ಟೇಬಲ್ ಅನ್ನು ಓದುವಾಗ ಮಾತ್ರ ಕೆಲಸಗಾರ ಪ್ರಕ್ರಿಯೆಗಳು ಅದನ್ನು ಮುಟ್ಟಲಾರವು, ಏಕೆಂದರೆ ಅದರ ಪುಟಗಳು ಒಂದು ಸೆಷನ್ನಿನ ಸ್ವಂತ ಮೆಮೊರಿಯಲ್ಲಿವೆ. ದೊಡ್ಡದನ್ನು ಸಮಾನಾಂತರವಾಗಿ ಓದಿ, ಚಿಕ್ಕದನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳಬೇಕೆಂಬುದಕ್ಕೆ ಇದು ಇನ್ನೊಂದು ಕಾರಣ.

ತುಂಬಿದ ಮೇಲೆ, ಮೊದಲ ಬಳಕೆಗೆ ಮುನ್ನ, ಟೇಬಲ್ಲಿನ ಅಂಕಿ-ಅಂಶಗಳನ್ನು ಸಂಗ್ರಹಿಸುವ ‘ಅನಲೈಜ್’ ಆಜ್ಞೆಯನ್ನು ನಡೆಸಲೇಬೇಕು. ತಾತ್ಕಾಲಿಕ ಟೇಬಲ್‌ಗಳ ಕುರಿತು ನಾನು ಉತ್ತರಿಸಿದ ಪ್ರಶ್ನೆಗಳಲ್ಲಿ ಅತಿ ಹೆಚ್ಚು ಬಾರಿ ಬಿಟ್ಟುಹೋಗಿದ್ದ ಹೆಜ್ಜೆ ಇದು. ಸಾಮಾನ್ಯ ಟೇಬಲ್‌ಗಳ ಅಂಕಿ-ಅಂಶಗಳನ್ನು ಆಟೊವ್ಯಾಕ್ಯೂಮ್ ಎಂಬ ಹಿನ್ನೆಲೆಯ ಪ್ರಕ್ರಿಯೆ ಕಾಲಕಾಲಕ್ಕೆ ಸಂಗ್ರಹಿಸುತ್ತದೆ. ಅದು ಇನ್ನೊಂದು ಸೆಷನ್ನಿನ ತಾತ್ಕಾಲಿಕ ಟೇಬಲ್ಲಿನ ಒಳಗನ್ನು ನೋಡಲಾರದು. ನೀವೇ ಹೇಳದಿದ್ದರೆ ಆ ಟೇಬಲ್ಲಿನಲ್ಲಿ ಯಾವ ಬಗೆಯ ಮೌಲ್ಯಗಳಿವೆಯೆಂದು, ಕ್ವೆರಿ ನಡೆಸುವ ದಾರಿಯನ್ನು ಆರಿಸುವ ಪ್ಲಾನರ್‌ಗೆ ತಿಳಿಯುವುದೇ ಇಲ್ಲ. ಟೇಬಲ್ ಎಷ್ಟು ಪುಟಗಳಿದೆ ಎಂಬುದು ಅದಕ್ಕೆ ಕಾಣುತ್ತದೆ, ಅದರಿಂದ ಸಾಲುಗಳ ಒಟ್ಟು ಸಂಖ್ಯೆಯನ್ನು ಸ್ಥೂಲವಾಗಿ ಊಹಿಸುತ್ತದೆ. ಆದರೆ ಕಾಲಂಗಳ ವಿಷಯದಲ್ಲಿ ಸಿದ್ಧ ಊಹೆಗಳನ್ನೇ ಬಳಸುತ್ತದೆ.

ಆ ಊಹೆಗಳು ನಿಮ್ಮ ಲೆಕ್ಕದಲ್ಲಿ ಎಷ್ಟು ದೂರ ಹೋಗುತ್ತವೆ ಎಂಬುದನ್ನು ಎರಡು ಉದಾಹರಣೆಗಳಲ್ಲಿ ನೋಡಿ. ಪ್ರತಿ ಸಾಲಿನಲ್ಲಿ ‘ಖಾತೆಯ ಸ್ಥಿತಿ’ ಎಂಬ ಪಠ್ಯದ ಕಾಲಂ ಇದ್ದು, 46,000 ಸಾಲುಗಳಲ್ಲಿ ‘ಚಾಲ್ತಿ’ ಎಂದಿದೆ ಎಂದುಕೊಳ್ಳಿ. ಬ್ಯಾಂಕಿನ ಕಡತಕ್ಕಾಗಿ ನೀವು ಚಾಲ್ತಿಯಲ್ಲಿರುವ ಖಾತೆಗಳನ್ನು ಆರಿಸುತ್ತೀರಿ. ಅಂಕಿ-ಅಂಶವಿಲ್ಲದ ಕಾಲಂನಲ್ಲಿ 200 ಬೇರೆ ಬೇರೆ ಮೌಲ್ಯಗಳಿರುತ್ತವೆ ಎಂಬುದು ಪ್ಲಾನರ್‌ನ ಸಿದ್ಧ ಊಹೆ. ಆದ್ದರಿಂದ 48,000ವನ್ನು 200ರಿಂದ ಭಾಗಿಸಿ 240 ಸಾಲುಗಳು ಬರುತ್ತವೆಂದು ಅದು ತಿಳಿಯುತ್ತದೆ. 240 ಸಾಲುಗಳಿಗೆ ಒಂದೊಂದಾಗಿ ಇಂಡೆಕ್ಸ್ ಹುಡುಕುವ ನೆಸ್ಟೆಡ್ ಲೂಪ್ ಸೂಕ್ತವೇ. ಅದನ್ನೇ 46,000 ಬಾರಿ ಮಾಡುವುದು ಸೂಕ್ತವಲ್ಲ, ಅಲ್ಲಿ ಟೇಬಲ್‌ಗಳನ್ನು ಒಟ್ಟಾಗಿ ಜೋಡಿಸುವ ಹ್ಯಾಶ್ ಜಾಯಿನ್ ಬೇಕಿತ್ತು. ಎರಡನೆಯದು ಇದರ ತಿರುಗುಮುರುಗು. ಕಡಿತಗಳೆಲ್ಲ ಕಳೆದ ಮೇಲೆ ಮೊತ್ತ ಸೊನ್ನೆಗಿಂತ ಕಡಿಮೆಯಾದವರನ್ನು ಹುಡುಕುವಾಗ, ಹೆಚ್ಚು-ಕಡಿಮೆಯ ಹೋಲಿಕೆಗೆ ಮೂರನೆಯ ಒಂದು ಭಾಗ ಸಾಲುಗಳು ಹೊಂದುತ್ತವೆ ಎಂಬುದು ಸಿದ್ಧ ಊಹೆ. ನಿಜವಾಗಿ ನಲವತ್ತು ಜನರಿದ್ದರೂ ಅದು 16,000 ಎಂದು ಎಣಿಸಿ, ಅಷ್ಟಕ್ಕೆ ತಕ್ಕ ಭಾರವಾದ ಯೋಜನೆಯನ್ನು ಹಾಕುತ್ತದೆ. ಒಂದು ‘ಅನಲೈಜ್’ ಆಜ್ಞೆ ಈ ಎರಡನ್ನೂ ಸರಿಪಡಿಸುತ್ತದೆ. 48,000 ಸಾಲಿನ ಟೇಬಲ್ಲಿಗೆ ಅದು ತೆಗೆದುಕೊಳ್ಳುವ ಹೊತ್ತು ಲೆಕ್ಕಕ್ಕೆ ಬಾರದಷ್ಟು. ನನ್ನ ಮಾತನ್ನು ಹಾಗೆಯೇ ಒಪ್ಪಬೇಕಾಗಿಲ್ಲ. ‘ಎಕ್ಸ್‌ಪ್ಲೇನ್ ಅನಲೈಜ್’ ನಡೆಸಿ, ಪ್ಲಾನರ್ ಊಹಿಸಿದ ಸಾಲುಗಳ ಸಂಖ್ಯೆಯನ್ನೂ ನಿಜವಾಗಿ ಬಂದ ಸಂಖ್ಯೆಯನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿ. ನೂರು ಪಟ್ಟಿನ ಅಂತರ ಕಂಡ ಕಡೆಯೇ ನಿಮ್ಮ ನಿಧಾನದ ಮೂಲ.

ಇಂಡೆಕ್ಸ್ ಬೇಕೇ ಎಂದು ನೀವು ಕೇಳಿಲ್ಲ, ಆದರೂ ಕೇಳುವ ಹಂತಕ್ಕೆ ಬರುತ್ತೀರಿ. ಇಡೀ ಟೇಬಲ್ ಅನ್ನು ಓದುವ ವರದಿಗಳಿಗೆ ಬೇಡ. ಸಂಘದ ಸಂಕೇತವನ್ನು ಹಿಡಿದು 400 ಬಾರಿ ಹುಡುಕುವುದಾದರೆ ಆ ಒಂದು ಕಾಲಂ ಮೇಲೆ ಇರಲಿ, ಅನಲೈಜ್‌ಗೆ ಮುನ್ನ ಸೃಷ್ಟಿಸಿ.

ಮಧ್ಯಾಹ್ನದ ನಿಧಾನಕ್ಕೆ ಕಾರಣ ಬೇರೆಯಿದೆ, ಮತ್ತು ಅದು ಸಂಘಕ್ಕೊಂದು ಟೇಬಲ್ ಮಾಡುವ ನಿಮ್ಮ ವಿಧಾನದಿಂದಲೇ ಬಂದಿದೆ ಎಂದು ನನಗೆ ತೋರುತ್ತದೆ. ತಾತ್ಕಾಲಿಕವಾದರೂ ಅದು ಟೇಬಲ್ಲೇ; ಅದರ ಪರಿಚಯವನ್ನು ಡೇಟಾಬೇಸ್ ತನ್ನ ಕ್ಯಾಟಲಾಗ್ ಟೇಬಲ್‌ಗಳಲ್ಲಿ ಬರೆದುಕೊಳ್ಳಬೇಕು. ಹನ್ನೆರಡು ಕಾಲಂಗಳ ಒಂದು ಟೇಬಲ್ಲಿಗೆ, ಕಾಲಂಗಳನ್ನು ದಾಖಲಿಸುವ ‘ಪಿಜಿ ಆಟ್ರಿಬ್ಯೂಟ್’ ಎಂಬಲ್ಲಿ ಹನ್ನೆರಡು ಸಾಲುಗಳ ಜೊತೆಗೆ ವ್ಯವಸ್ಥೆಯ ಕಾಲಂಗಳ ಆರು ಸಾಲುಗಳು ಸೇರುತ್ತವೆ. ಉದ್ದವಾಗಬಲ್ಲ ಪಠ್ಯದ ಕಾಲಂ ಇದ್ದರೆ ಅದಕ್ಕಾಗಿ, ಉದ್ದನೆಯ ಮೌಲ್ಯಗಳನ್ನು ಬೇರೆಯಾಗಿ ಇಡುವ ಟೋಸ್ಟ್ ಟೇಬಲ್ ಒಂದು, ಅದರ ಇಂಡೆಕ್ಸ್ ಒಂದು ಸೃಷ್ಟಿಯಾಗಿ, ಅವುಗಳ ಕಾಲಂಗಳೂ ಅಲ್ಲಿಯೇ ದಾಖಲಾಗುತ್ತವೆ. ಟೇಬಲ್ ಅಳಿದಾಗ ಇವೆಲ್ಲ ಸತ್ತ ಸಾಲುಗಳು, ಎಂದರೆ ಬಳಕೆಗಿಲ್ಲದಿದ್ದರೂ ಜಾಗ ಹಿಡಿದಿರುವ ಸಾಲುಗಳು, ಆಗುತ್ತವೆ. ತಾತ್ಕಾಲಿಕ ಟೇಬಲ್ಲಿನ ಒಳಗಿನ ಸಾಲುಗಳಿಗೆ ಡಬ್ಲ್ಯೂಎಎಲ್ ಇಲ್ಲವೆಂದು ಮೇಲೆ ಹೇಳಿದೆ. ಕ್ಯಾಟಲಾಗ್‌ನ ಈ ಬದಲಾವಣೆಗಳಿಗೆ ಅದು ಇದೆ. 400 ಸಂಘಗಳು, ಪ್ರತಿಯೊಂದಕ್ಕೂ ಮೂರು ನಾಲ್ಕು ಟೇಬಲ್, ತಪ್ಪು ತಿದ್ದಿ ಮತ್ತೆ ನಡೆಸಿದಾಗ ಇನ್ನಷ್ಟು ಎಂದರೆ ಕೆಲವೇ ಗಂಟೆಗಳಲ್ಲಿ ಕ್ಯಾಟಲಾಗ್‌ನಲ್ಲಿ ಹತ್ತಾರು ಸಾವಿರ ಸತ್ತ ಸಾಲುಗಳು ಕೂಡುತ್ತವೆ. ಯಾವ ಕ್ವೆರಿಯನ್ನು ಯೋಜಿಸಬೇಕಾದರೂ ಡೇಟಾಬೇಸ್ ಆ ಕ್ಯಾಟಲಾಗ್‌ಗಳನ್ನು ಆಶ್ರಯಿಸಬೇಕು, ಆದ್ದರಿಂದಲೇ ಬಟವಾಡೆಗೆ ಸಂಬಂಧವಿಲ್ಲದ ಪುಟಗಳೂ ನಿಧಾನವಾಗುತ್ತವೆ.

ಆಟೊವ್ಯಾಕ್ಯೂಮ್ ಕ್ಯಾಟಲಾಗ್‌ಗಳನ್ನೂ ಸ್ವಚ್ಛಗೊಳಿಸುತ್ತದೆ. ಆದರೆ ಎಲ್ಲಾದರೂ ಒಂದು ಹಳೆಯ ಟ್ರಾನ್ಸಾಕ್ಷನ್ ಬಹಳ ಹೊತ್ತಿನಿಂದ ತೆರೆದುಕೊಂಡಿದ್ದರೆ, ಅದಕ್ಕಿಂತ ಈಚೆಗೆ ಸತ್ತ ಸಾಲುಗಳನ್ನು ಅದು ತೆಗೆಯಲಾರದು. ಬಟವಾಡೆಯ ದಿನ ಯಾರಾದರೂ ಟ್ರಾನ್ಸಾಕ್ಷನ್ ತೆರೆದು ಕಮಿಟ್ ಮಾಡದೆ ಊಟಕ್ಕೆ ಎದ್ದುಹೋಗಿದ್ದಾರೆಯೇ ಎಂಬುದನ್ನು ಸಂಪರ್ಕಗಳ ಸ್ಥಿತಿ ತೋರಿಸುವ ‘ಪಿಜಿ ಸ್ಟಾಟ್ ಆ್ಯಕ್ಟಿವಿಟಿ’ಯಲ್ಲಿ, ‘ಐಡಲ್ ಇನ್ ಟ್ರಾನ್ಸಾಕ್ಷನ್’ ಸ್ಥಿತಿಯಲ್ಲಿರುವ ಸಂಪರ್ಕಗಳನ್ನು ಹುಡುಕಿ ನೋಡಿ. ಅದೇ ಕಾರಣಕ್ಕೆ ನಾನು ಮೇಲೆ ಸೂಚಿಸಿದ ಒಂದೇ ಟ್ರಾನ್ಸಾಕ್ಷನ್ನಿನ ಕೆಲಸವೂ ಚುರುಕಾಗಿ ಮುಗಿಯಬೇಕು. ಅದರ ನಡುವೆ ಬಳಕೆದಾರರ ಒಪ್ಪಿಗೆಗೆ ಕಾಯುವಂತಹ ಪುಟವಾಗಲೀ, ಬ್ಯಾಂಕಿನ ಸರ್ವರ್‌ನ ಉತ್ತರಕ್ಕೆ ಕಾಯುವ ಕರೆಯಾಗಲೀ ಇರಬಾರದು. 400 ಟೇಬಲ್‌ಗಳನ್ನು ಒಂದೇ ಟ್ರಾನ್ಸಾಕ್ಷನ್‌ಗೆ ತುಂಬಿದರೆ ಆಗಲಿಕ್ಕಿಲ್ಲವೇ ಎಂದರೆ, ಪ್ರತಿ ಟೇಬಲ್ಲಿಗೂ ಬೀಗದ ದಾಖಲೆ ಬೇಕು, ಆ ಬೀಗಗಳ ಜಾಗ ಎಲ್ಲ ಸೆಷನ್‌ಗಳಿಗೂ ಸೇರಿ ಒಂದೇ. ಅದು ತುಂಬಿದರೆ ಇತರರ ಕೆಲಸವೂ ದೋಷದಿಂದ ನಿಲ್ಲುತ್ತದೆ. ಪರಿಹಾರ ಸರಳ: ಸಂಘಕ್ಕೊಂದು ಟೇಬಲ್ ಬೇಡ, ಸಂಘದ ಸಂಕೇತವೇ ಒಂದು ಕಾಲಂ ಆಗಿರುವ ಒಂದೇ ಟೇಬಲ್ ಸಾಕು. ಸಂಬಂಧಾತ್ಮಕ ಡೇಟಾಬೇಸ್ ಸಾಲುಗಳ ಗುಂಪನ್ನು ಒಟ್ಟಿಗೆ ಸಂಸ್ಕರಿಸಲೆಂದೇ ಇರುವುದು. ಸಂಘಗಳ ಮೇಲೆ ಒಂದೊಂದಾಗಿ ಸುತ್ತುವ ಲೂಪ್ ನಿಮ್ಮ ಪ್ರೋಗ್ರಾಮಿನ ಅಭ್ಯಾಸ, ಲೆಕ್ಕದ ಅಗತ್ಯವಲ್ಲ.

ಓದಲು ಮಾತ್ರ ಇರುವ ಪ್ರತಿಯಲ್ಲಿ ಈ ಕೆಲಸ ನಡೆಯುವುದಿಲ್ಲ. ತಾತ್ಕಾಲಿಕ ಟೇಬಲ್ ಸೃಷ್ಟಿಸಲು ಕ್ಯಾಟಲಾಗ್‌ಗೆ ಬರೆಯಬೇಕು, ಅಂತಹ ಪ್ರತಿಯಲ್ಲಿ ಬರೆಯಲು ಅವಕಾಶವಿಲ್ಲ. ವರದಿಗಳನ್ನಷ್ಟೇ ಅಲ್ಲಿಗೆ ಕಳುಹಿಸಬೇಕೆಂದರೆ, ಮುಖ್ಯ ಸರ್ವರ್‌ನಲ್ಲಿ ಅಂತಿಮ ಫಲಿತಾಂಶವನ್ನು ಬಟವಾಡೆಯ ಕ್ರಮಸಂಖ್ಯೆಯೊಡನೆ ಶಾಶ್ವತ ಟೇಬಲ್ಲಿಗೆ ಬರೆಯಿರಿ. ಅದು ಪ್ರತಿಗೆ ತಲುಪುತ್ತದೆ, ಅಲ್ಲಿಂದ ಎಷ್ಟು ಬಾರಿಯಾದರೂ ಮುದ್ರಿಸಬಹುದು. ‘ಅನ್‌ಲಾಗ್ಡ್’ ಟೇಬಲ್ ಬಳಸಬಹುದೇ ಎಂದು ಯಾರಾದರೂ ಸೂಚಿಸಬಹುದು. ಅದು ಹಲವು ಸೆಷನ್‌ಗಳಿಗೆ ಕಾಣುತ್ತದೆ, ಡಬ್ಲ್ಯೂಎಎಲ್ ಇಲ್ಲದೆ ಬೇಗ ತುಂಬುತ್ತದೆ, ಆದರೆ ಸರ್ವರ್ ಅನಿರೀಕ್ಷಿತವಾಗಿ ಬಿದ್ದು ಎದ್ದಾಗ ಖಾಲಿಯಾಗಿರುತ್ತದೆ, ಮತ್ತು ಅದೂ ಪ್ರತಿಗೆ ಹೋಗುವುದಿಲ್ಲ. ಲೆಕ್ಕದ ಹಂತಗಳು ಬೇರೆ ಬೇರೆ ಸೆಷನ್‌ಗಳಲ್ಲಿ ನಡೆಯಲೇಬೇಕಾದ ಪರಿಸ್ಥಿತಿಯಲ್ಲಿ ಅದು ಉಪಯುಕ್ತ. ನಿಮಗೆ ಅದರ ಅಗತ್ಯ ಕಾಣುವುದಿಲ್ಲ.

ಎಲ್ಲವನ್ನೂ ‘ವಿತ್’ ವಾಕ್ಯದಲ್ಲಿ, ಎಂದರೆ ಒಂದೇ ಆಜ್ಞೆಯೊಳಗೆ ಮಧ್ಯದ ಫಲಿತಾಂಶಕ್ಕೆ ಹೆಸರು ಕೊಡುವ ಸಿಟಿಇ ರೂಪದಲ್ಲಿ, ಬರೆಯಬಹುದಲ್ಲವೇ ಎಂಬುದು ಈ ಚರ್ಚೆಯಲ್ಲಿ ಬಂದೇ ಬರುವ ಮಾತು. ಫಲಿತಾಂಶ ಒಂದೇ ಆಜ್ಞೆಗೆ ಬೇಕಿದ್ದರೆ ಹಾಗೆಯೇ ಬರೆಯಿರಿ, ನಾನೂ ಅದನ್ನೇ ಮೊದಲು ಪ್ರಯತ್ನಿಸುತ್ತೇನೆ. 2019ರಲ್ಲಿ ಬಂದ 12ನೆಯ ಆವೃತ್ತಿಯಿಂದ ಈಚೆಗೆ, ಒಂದೇ ಬಾರಿ ಬಳಕೆಯಾಗುವ ಸರಳ ಸಿಟಿಇಯನ್ನು ಪೋಸ್ಟ್‌ಗ್ರೆಸ್ ಮುಖ್ಯ ಕ್ವೆರಿಯೊಳಗೆ ಕರಗಿಸಿ ಯೋಜಿಸುತ್ತದೆ. ಅದಕ್ಕೂ ಹಿಂದೆ ಅದನ್ನು ಯಾವಾಗಲೂ ಪ್ರತ್ಯೇಕವಾಗಿ ಲೆಕ್ಕ ಹಾಕಿ ಇಡುತ್ತಿತ್ತು. ಹಳೆಯ ವರ್ತನೆಯೇ ಬೇಕಿದ್ದರೆ ‘ಮೆಟೀರಿಯಲೈಜ್ಡ್’ ಎಂದು ಬರೆದು ಕೇಳಬಹುದು. ಆದರೆ ಸಿಟಿಇ ಆ ಒಂದು ಆಜ್ಞೆಯೊಡನೆ ಮುಗಿಯುತ್ತದೆ, ಅದರ ಮೇಲೆ ಇಂಡೆಕ್ಸ್ ಕಟ್ಟಲಾಗದು, ಅನಲೈಜ್ ಮಾಡಲಾಗದು. ನಿಮ್ಮಲ್ಲಿ ಒಂದೇ ಫಲಿತಾಂಶ ನಾಲ್ಕೈದು ಆಜ್ಞೆಗಳಿಗೆ ಬೇಕು.

ಪೋಸ್ಟ್‌ಗ್ರೆಸ್‌ನ ಈ ನಡವಳಿಕೆಯನ್ನು ಬೇರೆ ಡೇಟಾಬೇಸ್‌ಗಳಿಗೆ ಹಾಗೆಯೇ ಅನ್ವಯಿಸಬೇಡಿ ಎಂದು ಇಲ್ಲಿ ಸೇರಿಸಬೇಕು. ಒರಾಕಲ್‌ನ ಗ್ಲೋಬಲ್ ಟೆಂಪರರಿ ಟೇಬಲ್ಲಿನಲ್ಲಿ ಟೇಬಲ್ಲಿನ ರಚನೆ ಶಾಶ್ವತ ಮತ್ತು ಎಲ್ಲರಿಗೂ ಒಂದೇ, ಒಳಗಿನ ಸಾಲುಗಳು ಮಾತ್ರ ಆಯಾ ಸೆಷನ್ನಿನವು. ಹಾಗಾಗಿ ಪ್ರತಿ ಬಾರಿ ಸೃಷ್ಟಿಸಿ ಅಳಿಸುವ ಮಾತೇ ಅಲ್ಲಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ‘ಗ್ಲೋಬಲ್’ ಎಂದು ಬರೆದರೆ ದೋಷ ಬರುವುದಿಲ್ಲ, ಆದರೆ ಆ ಪದಕ್ಕೆ ಯಾವ ಪರಿಣಾಮವೂ ಇಲ್ಲ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಒಂದು ಹ್ಯಾಶ್ ಗುರುತಿನ ಟೇಬಲ್ ಅನ್ನು ಸ್ಟೋರ್ಡ್ ಪ್ರೊಸೀಜರ್ ಒಳಗೆ ಸೃಷ್ಟಿಸಿದರೆ ಪ್ರೊಸೀಜರ್ ಮುಗಿದಾಗ ಅದು ಅಳಿಯುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಒಂದೇ ಕ್ವೆರಿಯೊಳಗೆ ಒಂದು ತಾತ್ಕಾಲಿಕ ಟೇಬಲ್ ಅನ್ನು ಎರಡು ಬಾರಿ ಹೆಸರಿಸಲು ಬಿಡುವುದಿಲ್ಲ, ಅದನ್ನು ಅದಕ್ಕೇ ಜೋಡಿಸಬೇಕಾದವರು ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ.

ಇನ್ನು ನಿಮ್ಮ ಬಟವಾಡೆಯ ಕ್ರಮ ಹೇಗಿರಬೇಕೆಂಬುದು. ಟ್ರಾನ್ಸಾಕ್ಷನ್ ಅನ್ನು ‘ರಿಪೀಟಬಲ್ ರೀಡ್’ ಮಟ್ಟದಲ್ಲಿ ತೆರೆಯಿರಿ. ಪೋಸ್ಟ್‌ಗ್ರೆಸ್‌ನ ಮೂಲ ಮಟ್ಟದಲ್ಲಿ ಪ್ರತಿಯೊಂದು ಆಜ್ಞೆಯೂ ತಾನು ಆರಂಭವಾದ ಕ್ಷಣದ ದತ್ತಾಂಶವನ್ನು ನೋಡುತ್ತದೆ. ನೀವು ಲೆಕ್ಕ ಹಾಕುತ್ತಿರುವಾಗಲೇ ಯಾವುದೋ ಸಂಘದವರು ಹಿಂದಿನ ದಿನದ ಫ್ಯಾಟ್ ಅಂಕಿಯನ್ನು ತಿದ್ದಿದರೆ ಮೊದಲ ಆಜ್ಞೆ ಒಂದನ್ನು, ಮೂರನೆಯ ಆಜ್ಞೆ ಇನ್ನೊಂದನ್ನು ನೋಡಬಹುದು. ಬಟವಾಡೆ ಪಟ್ಟಿಗೂ ಬ್ಯಾಂಕಿನ ಕಡತಕ್ಕೂ ಕೆಲವು ರೂಪಾಯಿಗಳ ವ್ಯತ್ಯಾಸ ಹೀಗೆಯೇ ಹುಟ್ಟುತ್ತದೆ. ರಿಪೀಟಬಲ್ ರೀಡ್‌ನಲ್ಲಿ ಟ್ರಾನ್ಸಾಕ್ಷನ್ ಪೂರ್ತಿ ಒಂದೇ ಕ್ಷಣದ ನೋಟ ಉಳಿಯುತ್ತದೆ. ಅದರೊಳಗೆ ‘ಆನ್ ಕಮಿಟ್ ಡ್ರಾಪ್’ ಇರುವ ಒಂದೇ ತಾತ್ಕಾಲಿಕ ಟೇಬಲ್ ಅನ್ನು ಸೆಲೆಕ್ಟ್‌ನಿಂದಲೇ ಸೃಷ್ಟಿಸಿ, ಅನಲೈಜ್ ಮಾಡಿ, ಅದರಿಂದ ಎಲ್ಲ ಪಟ್ಟಿಗಳನ್ನೂ ಶಾಶ್ವತ ಟೇಬಲ್‌ಗಳಿಗೆ ಬರೆಯಿರಿ. ಕಮಿಟ್‌ಗೆ ಮುನ್ನ ಇನ್ನೂ ಒಂದು ಆಜ್ಞೆ ಇರಲಿ: ತಾತ್ಕಾಲಿಕ ಟೇಬಲ್ಲಿನ ಒಟ್ಟು ಲೀಟರ್ ಅನ್ನು ಸಂಘವಾರು ಕೂಡಿ, ಮೂಲ ಸಂಗ್ರಹದ ಟೇಬಲ್ಲಿನ ಅದೇ ಹದಿನೈದು ದಿನದ ಮೊತ್ತದೊಡನೆ ಹೋಲಿಸುವುದು. ಒಂದೇ ಕ್ಷಣದ ನೋಟವಾದ್ದರಿಂದ ಅವೆರಡೂ ಮಿಲಿಲೀಟರ್ ವರೆಗೆ ಸರಿಹೊಂದಲೇಬೇಕು. ಒಂದು ಸಂಘದಲ್ಲಿ ಹೊಂದದಿದ್ದರೂ ದೋಷ ಎತ್ತಿ ರೋಲ್‌ಬ್ಯಾಕ್ ಮಾಡಿ. ಆಗ ತಾತ್ಕಾಲಿಕ ಟೇಬಲ್ಲೂ ಉಳಿಯುವುದಿಲ್ಲ, ಅರ್ಧ ಬರೆದ ಪಟ್ಟಿಯೂ ಉಳಿಯುವುದಿಲ್ಲ, ಯಾವ ಸಂಘದ ಸಂಕೇತದಲ್ಲಿ ಎಷ್ಟು ಲೀಟರ್ ವ್ಯತ್ಯಾಸ ಬಂತೆಂಬುದು ದೋಷದ ಸಂದೇಶದಲ್ಲಿ ನಿಮ್ಮ ಕೈಯಲ್ಲಿರುತ್ತದೆ.